ಚಳಿಗೆ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಕಾರಿನ ಬೆಲ್ಟ್ ಕಿರುಚುತ್ತದೆ, ಏನು ಮಾಡೋದು?

ಯಲಹಂಕದವನು
ಎಲ್ಲರಿಗೂ ನಮಸ್ಕಾರ. ನನ್ನದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 92 ಸಾವಿರ ಕಿ.ಮೀ. ಓಡಿದೆ. ಡಿಸೆಂಬರ್ ಶುರುವಾದಾಗಿನಿಂದ ಒಂದು ಕಾಟ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ 'ಕೀಂಯ್...' ಅಂತ ಒಂದೇ ಸಮನೆ ಕಿರುಚಾಟ. ಅರ್ಧ ನಿಮಿಷ, ಒಮ್ಮೊಮ್ಮೆ ಒಂದು ನಿಮಿಷ. ಆಮೇಲೆ ತಾನಾಗಿಯೇ ನಿಲ್ಲುತ್ತದೆ. ಮಧ್ಯಾಹ್ನ, ಸಂಜೆ ಸದ್ದೇ ಇಲ್ಲ. ಹಾಗಾಗಿ ಗ್ಯಾರೇಜಿಗೆ ಹೋದಾಗ ಅವರಿಗೆ ಏನೂ ಕೇಳಿಸುವುದೇ ಇಲ್ಲ!

ಒಬ್ಬರು 'ಚಳಿಗೆ ಹಂಗೇ ಸಾರ್, ಬಿಟ್ಬಿಡಿ' ಅಂದರು. ಇನ್ನೊಂದು ಕಡೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಲ್ಲಾ ಹೋಗಿದೆ ಅಂತ ಉದ್ದನೆಯ ಎಸ್ಟಿಮೇಟ್ ಕೊಟ್ಟರು. ಯಾರನ್ನು ನಂಬೋದು? ಕಾರು ರಾತ್ರಿ ರಸ್ತೆಯಲ್ಲೇ ನಿಲ್ಲುತ್ತದೆ, ಶೆಡ್ ಇಲ್ಲ. ಎದುರು ಮನೆ ತಾತ ಧನುರ್ಮಾಸದ ಪೂಜೆಗೆ ಏಳುವುದಕ್ಕೆ ಅಲಾರಂ ಇಡುವುದನ್ನೇ ಬಿಟ್ಟಿದ್ದಾರಂತೆ.

ಫಿಲ್ಟರ್ ಕಾಪಿ
ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆಸುವ ಟೈಮಿಂಗ್ ಬೆಲ್ಟ್ ಇರಬೇಕು. ಓಡಿಸಲೇಬೇಡಿ ಸಾರ್. ಕಟ್ ಆದರೆ ವಾಲ್ವ್ ಬಗ್ಗಿ ಎಂಜಿನ್ ಬಿಚ್ಚಬೇಕಾಗುತ್ತದೆ.

ಸ್ಪ್ಯಾನರ್ ಸ್ವಾಮಿ
ಸುಮ್ನೆ ಹೆದರಿಸಬೇಡಿ ಕಾಪಿ ಅವರೇ. ಟೈಮಿಂಗ್ ಬೆಲ್ಟಿಗೆ ಹಲ್ಲು ಇರುತ್ತದೆ, ಕವರ್ ಒಳಗೆ ಕೂತಿರುತ್ತದೆ. ಅದು ಹೀಗೆ ಜಾರಿ ಕಿರುಚುವ ಜಾತಿಯಲ್ಲ. ಇವರದು ಹೊರಗಿನ ಬೆಲ್ಟ್. ಎಂಜಿನ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯಿಂದ (ಪುಲ್ಲಿ ಅಂದರೆ ಬೆಲ್ಟ್ ಸುತ್ತುವ ಗಾಲಿ) ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಕೆಲವು ಎಂಜಿನ್‌ಗಳಲ್ಲಿ ವಾಟರ್ ಪಂಪ್ ತಿರುಗಿಸುವುದು ಅದೇ.

ಯಲಹಂಕದವರೇ, ಮೊದಲು ಇಷ್ಟು ಹೇಳಿ. ಬ್ಯಾಟರಿ ಎಷ್ಟು ವರ್ಷದ್ದು? ಕಿರುಚುವಾಗ ಹೆಡ್‌ಲೈಟ್ ಹಾಕಿದರೆ ಸದ್ದು ಜಾಸ್ತಿ ಆಗುತ್ತದಾ? ಸ್ಟೀರಿಂಗ್ ಎಲೆಕ್ಟ್ರಿಕ್ಕೋ ಹೈಡ್ರಾಲಿಕ್ಕೋ?

ಗೇರ್ ಗೌಡ್ರು
ಅಷ್ಟೆಲ್ಲಾ ತಲೆ ಯಾಕೆ ಕೆಡಿಸಿಕೊಳ್ತೀರ. ನಮ್ಮೂರಲ್ಲಿ ಹಿಟ್ಟಿನ ಗಿರಣಿ ಬೆಲ್ಟ್ ಕಿರುಚಿದರೆ ಒಂದು ತುಂಡು ಬಟ್ಟೆ ಸೋಪು ಉಜ್ಜುತ್ತಿದ್ದರು, ಗಪ್ ಚುಪ್. ಸೋಪು ಇಲ್ಲದಿದ್ದರೆ ನಾಲ್ಕು ಹನಿ ಕೊಬ್ಬರಿ ಎಣ್ಣೆ.

ರಾಜಾಜಿನಗರ ಅಕ್ಕ
ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಳ್ಳಿ ಗೌಡ್ರೇ, ಬೆಲ್ಟಿಗೆ ಬೇಡ. ಬೆಲ್ಟ್ ನಡೆಯುವುದೇ ಹಿಡಿತದ ಮೇಲೆ. ಎಣ್ಣೆ ಬಿಟ್ಟರೆ ಸದ್ದು ಹೋಗುತ್ತದೆ, ಜಾರುವುದು ಹೋಗಲ್ಲ, ಇನ್ನೂ ಜಾಸ್ತಿ ಆಗುತ್ತದೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಬೆಲ್ಟಿನ ಮೈ ಗಾಜಿನ ಥರ ನುಣುಪು. ಆಮೇಲೆ ಅದು ಯಾವುದಕ್ಕೂ ಹಿಡಿಯುವುದಿಲ್ಲ. ಜೊತೆಗೆ ಎಣ್ಣೆಗೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ.

ಗೇರ್ ಗೌಡ್ರು
ಅಕ್ಕ, ಮತ್ತೆ ಅಂಗಡಿಯಲ್ಲಿ ಬೆಲ್ಟ್ ಸ್ಪ್ರೇ ಅಂತ ಡಬ್ಬಿ ಮಾರುತ್ತಾರಲ್ಲ, ಅದೇನು ಗಂಗಾಜಲನಾ?

ಸ್ಪ್ಯಾನರ್ ಸ್ವಾಮಿ
ಆ ಡಬ್ಬಿಯಲ್ಲಿ ಇರುವುದು ಅಂಟು. ಹಳೇ ಕಾಲದ ಚಪ್ಪಟೆ ಬೆಲ್ಟ್, ವಿ ಬೆಲ್ಟಿಗೆ ಆಗುತ್ತಿತ್ತು. ಈಗಿನ ಗೀರು ಗೀರಿನ ಬೆಲ್ಟಿಗೆ ಹೊಡೆದರೆ ಒಂದು ವಾರ ಸುಮ್ಮನಿರುತ್ತದೆ. ಆಮೇಲೆ ಆ ಅಂಟಿಗೆ ಧೂಳು ಮೆತ್ತಿಕೊಂಡು ಗೀರುಗಳೆಲ್ಲ ತುಂಬಿ ಮೊದಲಿಗಿಂತ ಜೋರಾಗಿ ಶುರುವಾಗುತ್ತದೆ. ಬೆಂಗಳೂರಿನ ಧೂಳು ಗೊತ್ತಲ್ಲ. ಬೆಲ್ಟ್ ಮಾಡುವ ಕಂಪನಿಗಳೇ ಇದನ್ನು ಹಾಕಬೇಡಿ ಅನ್ನುತ್ತವೆ.

ಟೊರೊಂಟೊ ತಮ್ಮ
ಬೆಂಗಳೂರಲ್ಲಿ 'ಚಳಿಗೆ ಬೆಲ್ಟ್ ಕಿರುಚುತ್ತದೆ' ಅಂತ ಓದಿ ನಗು ಬಂತು. ಇಲ್ಲಿ ಮೈನಸ್ 20ರಲ್ಲಿ ಎಂಜಿನ್ನಿಗೆ ಹೀಟರ್ ಪ್ಲಗ್ ಹಾಕಿ ಮಲಗುತ್ತೇವೆ.

ಹೆಬ್ಬಾಳ ಫ್ಲೈಓವರ್ ಕೈದಿ
ನಗಬೇಡಿ ಗುರು. ನಮ್ಮಲ್ಲಿ 14 ಡಿಗ್ರಿ ಆದರೆ ಮಂಕಿ ಕ್ಯಾಪ್ ಹೊರಗೆ ಬರುತ್ತದೆ. ಬೆಂಗಳೂರಿನ ದಾಖಲೆ 7.8 ಡಿಗ್ರಿ, 1884ರ ಜನವರಿ 13. ಆಗ ಕಿರುಚುವುದಕ್ಕೆ ಇಲ್ಲಿ ಕಾರೇ ಇರಲಿಲ್ಲ.

ಸ್ಪ್ಯಾನರ್ ಸ್ವಾಮಿ
ಟೊರೊಂಟೊ ತಮ್ಮ ತಮಾಷೆಗೆ ಹೇಳಿದರೂ ಅದರಲ್ಲೇ ಉತ್ತರ ಇದೆ. ಈಗಿನ ಬೆಲ್ಟುಗಳು ಇಪಿಡಿಎಂ ಅನ್ನುವ ರಬ್ಬರಿನವು. ಮೈನಸ್ 40 ಡಿಗ್ರಿ ತಡೆಯುತ್ತವೆ. ನಮ್ಮ 14 ಡಿಗ್ರಿ ಅದಕ್ಕೆ ಯಾವ ಲೆಕ್ಕ? ಎಲ್ಲಾ ಸರಿ ಇರುವ ಬೆಲ್ಟ್ ಬೆಂಗಳೂರಿನ ಚಳಿಗೆ ಕಿರುಚುವುದೇ ಇಲ್ಲ. ಮೊದಲೇ ಏನೋ ಸಡಿಲ ಇದೆ, ಚಳಿ ಅದನ್ನು ಬಯಲಿಗೆ ತಂದಿದೆ. ಅದಕ್ಕೇ 'ಚಳಿಗೆ ಹಂಗೇ ಸಾರ್' ಅನ್ನುವ ಮಾತು ನನಗೆ ಆಗಿಬರುವುದಿಲ್ಲ.

ಬೆಳಗ್ಗೆ ಮಾತ್ರ ಯಾಕೆ ಅಂದರೆ, ಆ ಹೊತ್ತಿಗೆ ಎಲ್ಲಾ ಒಟ್ಟಿಗೆ ಸೇರುತ್ತದೆ. ರಾತ್ರಿಯೆಲ್ಲ ತಣ್ಣಗಿದ್ದ ರಬ್ಬರ್ ಸ್ವಲ್ಪ ಗಟ್ಟಿಯಾಗಿರುತ್ತದೆ, ಪುಲ್ಲಿಯನ್ನು ತಬ್ಬಿಕೊಳ್ಳುವುದಿಲ್ಲ. ಹೊರಗೆ ನಿಂತ ಕಾರಾದರೆ ಬೆಲ್ಟ್ ಮೇಲೆ, ಪುಲ್ಲಿ ಮೇಲೆ ಇಬ್ಬನಿ. ಅದಕ್ಕಿಂತ ಮುಖ್ಯ ಬ್ಯಾಟರಿ. ತಣ್ಣಗಿನ ಎಂಜಿನ್ ತಿರುಗಿಸಲು ಸ್ಟಾರ್ಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಚಳಿಗೆ ಬ್ಯಾಟರಿ ಶಕ್ತಿಯೂ ಕಮ್ಮಿ. ಎಂಜಿನ್ ಹತ್ತಿದ ಮರುಗಳಿಗೆ ಆಲ್ಟರ್ನೇಟರ್ ಆ ಖರ್ಚನ್ನೆಲ್ಲ ವಾಪಸ್ ತುಂಬಲು ಹೊರಡುತ್ತದೆ. ಆಗ ಅದನ್ನು ತಿರುಗಿಸುವುದು ಬಹಳ ಭಾರ. ಸಡಿಲ ಬೆಲ್ಟ್ ಅಲ್ಲೇ ಜಾರುತ್ತದೆ. ಒಂದು ನಿಮಿಷದಲ್ಲಿ ಇಬ್ಬನಿ ಆರುತ್ತದೆ, ರಬ್ಬರ್ ಬೆಚ್ಚಗಾಗುತ್ತದೆ, ಬ್ಯಾಟರಿಯ ಹಸಿವೂ ಇಳಿಯುತ್ತದೆ. ಸದ್ದು ನಿಲ್ಲುತ್ತದೆ.

ಮಲ್ನಾಡ್ ಮಳೆ
ಇಬ್ಬನಿ ಮಾತು ನಿಜ. ನಾವು ಚಿಕ್ಕಮಗಳೂರಿನಲ್ಲಿ ಅಂಗಳದಲ್ಲಿ ನಿಲ್ಲಿಸುತ್ತೇವೆ. ಅಂಗಳದಲ್ಲಿದ್ದ ದಿನ ಕಿರುಚಾಟ, ಕಾಫಿ ಗೋದಾಮಿನ ಒಳಗಿಟ್ಟ ದಿನ ಇಲ್ಲ. ಚಳಿ ಎರಡೂ ಕಡೆ ಅಷ್ಟೇ.

ಯಲಹಂಕದವನು
ಸ್ವಾಮಿ ಅವರೇ, ಸ್ಟೀರಿಂಗ್ ಎಲೆಕ್ಟ್ರಿಕ್. ಬ್ಯಾಟರಿ ಐದು ವರ್ಷ ದಾಟಿದೆ. ಇವತ್ತು ಬೆಳಗ್ಗೆ ಹೆಡ್‌ಲೈಟ್, ಹಿಂದಿನ ಗಾಜಿನ ಡಿಫಾಗರ್ ಎರಡೂ ಹಾಕಿದೆ. ಅಬ್ಬಾ, ಬೀದಿ ನಾಯಿಗಳೆಲ್ಲ ಎದ್ದವು.

ರಾಜಾಜಿನಗರ ಅಕ್ಕ
ಹಾಗಾದರೆ ಆಲ್ಟರ್ನೇಟರ್ ಮೇಲಿನ ಲೋಡಿಗೆ ಬೆಲ್ಟ್ ಜಾರುತ್ತಿದೆ. ಸ್ಟೀರಿಂಗ್ ಎಲೆಕ್ಟ್ರಿಕ್ ಆದ್ದರಿಂದ ಬೆಲ್ಟ್ ತಿರುಗಿಸುವ ಸ್ಟೀರಿಂಗ್ ಪಂಪ್ ಗೋಜಿಲ್ಲ. ಹೈಡ್ರಾಲಿಕ್ ಇರುವವರಿಗೆ ಪೂರ್ತಿ ತಿರುಗಿಸಿ ಹಿಡಿದಾಗ ಕಿರುಚುತ್ತದೆ.

ಒಂದು ಮಲ್ಟಿಮೀಟರ್ ತಗೊಳ್ಳಿ, ಎಸ್‌ಪಿ ರಸ್ತೆಯಲ್ಲಿ ಕಡಿಮೆಗೆ ಸಿಗುತ್ತದೆ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿಯನ್ನು ಸ್ಟಾರ್ಟ್ ಮಾಡುವ ಮೊದಲೇ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಬರಬೇಕು. ಕಿರುಚುವ ಹೊತ್ತಿಗೆ ಅದು 13ಕ್ಕಿಂತ ಕೆಳಗೆ ಕುಣಿಯುತ್ತಿದ್ದರೆ ಬೆಲ್ಟ್ ಜಾರುತ್ತಿದೆ ಅಂತಲೇ ಇಟ್ಟುಕೊಳ್ಳಿ.

ಸ್ಪ್ಯಾನರ್ ಸ್ವಾಮಿ
ಅಕ್ಕನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನೀರಿನ ಪರೀಕ್ಷೆ. ಒಂದು ಸ್ಪ್ರೇ ಬಾಟಲಿಯಲ್ಲಿ ಬರೀ ನೀರು. ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಕಿರುಚುತ್ತಿರುವಾಗ ಬೆಲ್ಟಿನ ಗೀರು ಇರುವ ಬದಿಗೆ ದೂರದಿಂದಲೇ ಒಂದೆರಡು ಸಲ ಚಿಮುಕಿಸಿ. ಸದ್ದು ಜೋರಾದರೆ ಟೆನ್ಷನ್ ಸಾಲದು, ಜಾರುತ್ತಿದೆ. ಸದ್ದು ಥಟ್ಟನೆ ನಿಂತು ಸ್ವಲ್ಪ ಹೊತ್ತಿಗೆ ವಾಪಸ್ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲ. ನೀರಿಗೆ ಏನೂ ಬದಲಾಗದಿದ್ದರೆ ಯಾವುದೋ ಬೇರಿಂಗ್ ಮೇಲೆ ಅನುಮಾನ ಪಡಿ.

ಮುಖ್ಯ: ಲುಂಗಿ, ವೇಲು, ಶಾಲು ಹಾಕಿಕೊಂಡು ಬಾನೆಟ್ ಒಳಗೆ ಬಗ್ಗಬೇಡಿ. ರೇಡಿಯೇಟರ್ ಫ್ಯಾನ್ ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗುತ್ತದೆ.

ಫಿಲ್ಟರ್ ಕಾಪಿ
ನನ್ನ ಕಾರಲ್ಲಿ ಕೀಂಯ್ ಅಲ್ಲ, 'ಚಿಂವ್ ಚಿಂವ್ ಚಿಂವ್' ಅಂತ ಗುಬ್ಬಚ್ಚಿ ಸದ್ದು. ಆಕ್ಸಿಲರೇಟರ್ ಒತ್ತಿದರೆ ವೇಗವಾಗಿ ಚಿಂವ್ ಅನ್ನುತ್ತದೆ. ಕಳೆದ ತಿಂಗಳು ಆಲ್ಟರ್ನೇಟರ್ ರಿಪೇರಿ ಆಗಿತ್ತು.

ಸ್ಪ್ಯಾನರ್ ಸ್ವಾಮಿ
ತಾಳ ಹಾಕಿದಂತೆ ಬರುವ ಚಿಂವ್ ಚಿಂವ್ ಅಂದರೆ ಬಹುಪಾಲು ಪುಲ್ಲಿ ಸಾಲು ತಪ್ಪಿದೆ. ಆಲ್ಟರ್ನೇಟರ್ ವಾಪಸ್ ಕೂರಿಸುವಾಗ ಬ್ರಾಕೆಟ್ ಓರೆಯಾಗಿರಬಹುದು, ಇಲ್ಲವೇ ಬೆಲ್ಟ್ ಒಂದು ಗೀರು ಆಚೆ ಕೂತಿರಬಹುದು. ಎಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ಪ್ರತಿ ಪುಲ್ಲಿಯ ಅಂಚು ನೋಡಿ. ಒಂದು ಗೀರು ಹೊರಗೆ ನೇತಾಡುತ್ತಿದ್ದರೆ ಕಣ್ಣಿಗೇ ಕಾಣುತ್ತದೆ.

ಜಯನಗರ ನಾಲ್ಕನೇ ಬ್ಲಾಕ್
ಇದಕ್ಕೇ ನಾನು ಎಲೆಕ್ಟ್ರಿಕ್ ಕಾರು ತಗೊಂಡಿದ್ದು. ಬೆಲ್ಟೇ ಇಲ್ಲ, ಕಿರುಚಾಟವೂ ಇಲ್ಲ.

ಗೇರ್ ಗೌಡ್ರು
ಬಂದರಪ್ಪ. ಹಿಂದೆ ಎಂಜಿನ್ ಆಯಿಲ್ ಬಗ್ಗೆ ಚರ್ಚೆ ಆದಾಗಲೂ ಇದನ್ನೇ ಹೇಳಿದಿರಿ.

ಜಯನಗರ ನಾಲ್ಕನೇ ಬ್ಲಾಕ್
ಆಗಲೂ ನಿಜವೇ ಹೇಳಿದ್ದು.

ಹೆಬ್ಬಾಳ ಫ್ಲೈಓವರ್ ಕೈದಿ
ಇಲಿ ಕಾಟ ಇಬ್ಬರಿಗೂ ಒಂದೇ ಬಿಡಿ. ನನ್ನ ಕಾರಿನ ಬೆಲ್ಟ್ ಅಂಚನ್ನು ಇಲಿ ಕಡಿದಿತ್ತು. ಚಳಿಗೆ ಬೆಚ್ಚಗಿನ ಎಂಜಿನ್ ಮೇಲೆ ಬಂದು ಮಲಗುತ್ತವೆ. ತಂಬಾಕು ಕಟ್ಟಿದೆ, ಕರ್ಪೂರ ಇಟ್ಟೆ, ಫಿನಾಯಿಲ್ ಹಾಕಿದೆ. ಇಲಿಗೆ ಅದೆಲ್ಲ ಅಭ್ಯಾಸ ಆಗಿಹೋಯಿತು. ಕೊನೆಗೆ ಕೆಳಗಿನಿಂದ ಜಾಲರಿ ಹಾಕಿಸಿದ ಮೇಲೆ ನಿಂತಿತು.

ಬಸವನಗುಡಿ ಪರಿಷೆ
ಕಡ್ಲೆಕಾಯಿ ಪರಿಷೆ ಸಮಯದಲ್ಲಿ ನಮ್ಮ ಬೀದಿಯ ಕಾರುಗಳ ಬಾನೆಟ್ ಒಳಗೆಲ್ಲ ಕಡ್ಲೆ ಸಿಪ್ಪೆ. ಇಲಿಗಳಿಗೂ ಹಬ್ಬ.

ಯಲಹಂಕದವನು
ಅಪ್‌ಡೇಟ್ ಕೇಳಿ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ 12.1. ಸ್ಟಾರ್ಟ್ ಮಾಡಿ ಕಿರುಚುವಾಗ 12.8, ನಿಂತ ಮೇಲೆ 14.1. ನೀರು ಚಿಮುಕಿಸಿದೆ, ಇನ್ನೂ ಜೋರಾಗಿ ಕಿರುಚಿತು.

ಎಂಜಿನ್ ಆಫ್ ಮಾಡಿ ಬೆಲ್ಟನ್ನು ಮಧ್ಯೆ ಹೆಬ್ಬೆರಳಲ್ಲಿ ಒತ್ತಿದರೆ ಒಂದು ಇಂಚಿಗಿಂತ ಜಾಸ್ತಿ ಒಳಗೆ ಹೋಗುತ್ತದೆ. ಇನ್ನೊಂದು ವಿಷಯ. ಟೆನ್ಷನರ್ ಎಲ್ಲಿದೆ ಅಂತ ಹುಡುಕುತ್ತಿದ್ದೇನೆ, ಸಿಗುತ್ತಲೇ ಇಲ್ಲ. ಆಲ್ಟರ್ನೇಟರ್ ಮೇಲೆ ಉದ್ದನೆಯ ಸೀಳಿರುವ ಒಂದು ಪಟ್ಟಿ, ಅದರಲ್ಲಿ ಬೋಲ್ಟ್ ಇದೆ ಅಷ್ಟೇ.

ಸ್ಪ್ಯಾನರ್ ಸ್ವಾಮಿ
ಸಿಗುವುದಿಲ್ಲ, ಯಾಕೆಂದರೆ ನಿಮ್ಮ ಕಾರಲ್ಲಿ ಸ್ಪ್ರಿಂಗ್ ಟೆನ್ಷನರ್ ಇಲ್ಲವೇ ಇಲ್ಲ! ಆ ಸೀಳಿರುವ ಪಟ್ಟಿಯೇ ಟೆನ್ಷನ್ ಇಡುವ ಜಾಗ. ಆಲ್ಟರ್ನೇಟರನ್ನೇ ಹಿಂದಕ್ಕೆ ಸರಿಸಿ ಬೋಲ್ಟ್ ಬಿಗಿಯುವುದು. ಇಲ್ಲದ ಟೆನ್ಷನರ್ ಬದಲಿಸಲು ನಿಮಗೆ ಎಸ್ಟಿಮೇಟ್ ಕೊಟ್ಟಿದ್ದಾರೆ. ಎಷ್ಟು ಬರೆದಿದ್ದರು?

ಯಲಹಂಕದವನು
ಟೆನ್ಷನರ್‌ಗೆ 2,800, ಲೇಬರ್ ಬೇರೆ.

ಗೇರ್ ಗೌಡ್ರು
ಇದ್ದಿದ್ದರೆ ಕೊಡಬಹುದಿತ್ತು.

ರಾಜಾಜಿನಗರ ಅಕ್ಕ
ಅವರ ಹೆಸರು ಇಲ್ಲಿ ಬೇಡ, ಜಗಳ ಶುರುವಾಗುತ್ತದೆ. ಎಸ್ಟಿಮೇಟ್ ಕೊಟ್ಟಾಗ 'ಎಲ್ಲಿದೆ ತೋರಿಸಿ' ಅಂತ ಕೇಳಿ, ಸಾಕು. ನಾನಂತೂ ಹಳೇ ಪಾರ್ಟನ್ನು ಕೈಗೆ ಕೊಡದೆ ದುಡ್ಡು ಕೊಡುವುದಿಲ್ಲ.

ಸ್ಪ್ಯಾನರ್ ಸ್ವಾಮಿ
ಹೀಗೆ ಮಾಡಿ. 92 ಸಾವಿರ ಆಗಿದೆ, ಇಷ್ಟು ದಿನ ಜಾರಿ ಮೈ ನುಣುಪಾಗಿರುತ್ತದೆ, ಬೆಲ್ಟ್ ಬದಲಿಸಿಯೇ ಬಿಡಿ. ಬಿರುಕಿಲ್ಲ ಅಂತ ಬಿಡಬೇಡಿ. ಹಳೇ ನಿಯೋಪ್ರೀನ್ ಬೆಲ್ಟ್ ಸವೆದರೆ ಬಿರುಕು ಬಿಡುತ್ತಿತ್ತು. ಇಪಿಡಿಎಂ ಬೆಲ್ಟ್ ಬಿರುಕು ಬಿಡದೆ ಟೈರ್ ಸವೆದಂತೆ ಗೀರಿನ ಒಳಗೆ ಸವೆಯುತ್ತದೆ. ನೋಡುವುದಕ್ಕೆ ಚೆನ್ನಾಗಿಯೇ ಕಾಣುತ್ತದೆ.

ಹಳೇ ಬೆಲ್ಟಿನ ಬೆನ್ನ ಮೇಲೆ ನಂಬರ್ ಇರುತ್ತದೆ, 4ಪಿಕೆ 885 ಅಂತ ಏನೋ ಒಂದು. 4 ಅಂದರೆ ನಾಲ್ಕು ಗೀರು, 885 ಅಂದರೆ ಮಿಲಿಮೀಟರ್‌ನಲ್ಲಿ ಉದ್ದ. ಅದೇ ನಂಬರ್ ತಗೊಳ್ಳಿ. ಅಂಗಡಿಯವನು 'ಹತ್ತು ಮಿಲಿಮೀಟರ್ ಹೆಚ್ಚು ಕಮ್ಮಿ ನಡೆಯುತ್ತೆ' ಅಂದರೆ ಮುಂದಿನ ಅಂಗಡಿಗೆ ಹೋಗಿ. ಜೆ.ಸಿ. ರಸ್ತೆಯಲ್ಲಿ ಅಂಗಡಿಗೇನು ಬರವಾ?

ಕೂರಿಸುವ ಮೊದಲು ಪುಲ್ಲಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ. ಮೇಲಿನಿಂದ ಆಯಿಲ್, ಕೂಲೆಂಟ್ ತೊಟ್ಟಿಕ್ಕುತ್ತಿದೆಯಾ ನೋಡಿ. ತೊಟ್ಟಿಕ್ಕುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಹೊಸ ಬೆಲ್ಟೂ ಹಾಳು. ಬೆಲ್ಟ್ ಬಿಚ್ಚಿದಾಗ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ. ಗರಗರ ಅಂದರೆ, ಅಲುಗಾಡಿದರೆ ಅದರ ಬೇರಿಂಗ್ ಹೋಗಿದೆ. ಈ ಒಂದು ನಿಮಿಷದ ಕೆಲಸವನ್ನು ಗ್ಯಾರೇಜಿನಲ್ಲಿ ಬಹಳ ಜನ ಮಾಡುವುದೇ ಇಲ್ಲ.

ಮಲ್ನಾಡ್ ಮಳೆ
ಟೈಟ್ ಎಷ್ಟು ಮಾಡಬೇಕು? ನಮ್ಮ ಮೆಕ್ಯಾನಿಕ್ ಕಬ್ಬಿಣದ ರಾಡ್ ಹಾಕಿ ಮೀಟಿ ವೀಣೆ ತಂತಿ ಥರ ಬಿಗಿದಿದ್ದ. ಸದ್ದು ನಿಂತಿತು. ಮುಂದಿನ ಮಳೆಗಾಲಕ್ಕೆ ಆಲ್ಟರ್ನೇಟರ್ ಬೇರಿಂಗ್ ಹೋಯಿತು.

ಸ್ಪ್ಯಾನರ್ ಸ್ವಾಮಿ
ಅದೇ ಆಗುವುದು. ಬಿಗಿ ಜಾಸ್ತಿಯಾದರೆ ಬೇರಿಂಗ್ ತಿನ್ನುತ್ತದೆ, ವಾಟರ್ ಪಂಪೂ ಸೇರಿ. ಎರಡು ಪುಲ್ಲಿಗಳ ನಡುವೆ ಉದ್ದ ಜಾಸ್ತಿ ಇರುವ ಕಡೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ ಸುಮಾರು 8-10 ಮಿ.ಮೀ. ಬಗ್ಗಬೇಕು. ಸರಿಯಾದ ಅಳತೆ ಕಾರಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಅದೇ ಕೊನೆ ಮಾತು. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಕೂತುಕೊಂಡು ಸಡಿಲವಾಗುತ್ತದೆ, ಇನ್ನೊಮ್ಮೆ ನೋಡಿ.

ಟೊರೊಂಟೊ ತಮ್ಮ
ಇಲ್ಲಿ ಕೆಲವು ಕಾರುಗಳಲ್ಲಿ ಟೆನ್ಷನರೂ ಇಲ್ಲ, ಸೀಳು ಪಟ್ಟಿಯೂ ಇಲ್ಲ. ಬೆಲ್ಟೇ ಎಳೆದರೆ ಹಿಗ್ಗುತ್ತದೆ. ಹಾಕುವುದಕ್ಕೆ ಬೇರೆ ಟೂಲ್ ಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಹೊಸದೇ ಹರಿಯುತ್ತದೆ.

ಸ್ಪ್ಯಾನರ್ ಸ್ವಾಮಿ
ಹೌದು, ನಮ್ಮಲ್ಲೂ ಬಂದಿವೆ. ಅವನ್ನು ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ, ಹೊಸದೇ ಬೇಕು.

ಯಲಹಂಕದವನು
ಆಯಿತು! ಜೆ.ಸಿ. ರಸ್ತೆಯಲ್ಲಿ ಅದೇ ನಂಬರಿನ ಬೆಲ್ಟ್ ಸಿಕ್ಕಿತು, 540 ರೂಪಾಯಿ. ಪಾರ್ಕಿಂಗ್ ಹುಡುಕಿದ್ದೇ ದೊಡ್ಡ ಕೆಲಸ. ಮನೆ ಹತ್ತಿರದ ಸಣ್ಣ ಗ್ಯಾರೇಜಿನ ಹುಡುಗನಿಂದ ಹಾಕಿಸಿದೆ. ಪುಲ್ಲಿಗಳನ್ನು ತಿರುಗಿಸಿ ನೋಡಿದೆವು, ಎಲ್ಲಾ ನುಣ್ಣಗೆ ತಿರುಗಿದವು. ಆಲ್ಟರ್ನೇಟರ್ ಗಟ್ಟಿಮುಟ್ಟಾಗಿದೆ. ಈಗ ಬೆಳಗ್ಗೆ ಸದ್ದು ಇಲ್ಲ, ಇಬ್ಬನಿ ಇದ್ದ ದಿನವೂ ಇಲ್ಲ. ಆದರೆ ಬ್ಯಾಟರಿ ಇನ್ನೂ 12.2 ತೋರಿಸುತ್ತದೆ. ಹೊಸದು ಹಾಕಲಾ, ಇನ್ನೊಂದು ವರ್ಷ ತಳ್ಳಲಾ?

ರಾಜಾಜಿನಗರ ಅಕ್ಕ
ಮೊದಲು ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ರಾತ್ರಿಯೆಲ್ಲ ಬಿಟ್ಟು ಮತ್ತೆ ಅಳೆಯಿರಿ. ಬೆಲ್ಟ್ ಜಾರುತ್ತಿದ್ದುದರಿಂದ ಸರಿಯಾಗಿ ತುಂಬಿರಲಿಕ್ಕಿಲ್ಲ. ಆಮೇಲೂ 12.2 ಇದ್ದರೆ ಅಂಗಡಿಯಲ್ಲಿ ಲೋಡ್ ಟೆಸ್ಟ್ ಮಾಡಿಸಿ. ಐದು ವರ್ಷ ಬಾಳಿದ್ದೇ ಹೆಚ್ಚು. ಬೆಳಗಿನ ಜಾವ ಏರ್‌ಪೋರ್ಟ್ ರಸ್ತೆಯಲ್ಲಿ ಮಂಜಿನ ಮಧ್ಯೆ ಕಾರು ಕೈ ಕೊಟ್ಟರೆ ತಳ್ಳುವುದಕ್ಕೂ ಜನ ಸಿಗುವುದಿಲ್ಲ.

ಬಸವನಗುಡಿ ಪರಿಷೆ
ಶಿವರಾತ್ರಿಗೆ ಚಳಿ 'ಶಿವ ಶಿವಾ' ಅಂತ ಹೋಗುತ್ತದೆ, ಅಲ್ಲಿಯವರೆಗೆ ತಳ್ಳಿ ಸಾರ್.

ರಾಜಾಜಿನಗರ ಅಕ್ಕ
ಬ್ಯಾಟರಿಯನ್ನು ಜಾಸ್ತಿ ಹಾಳುಮಾಡುವುದು ಬೇಸಿಗೆಯ ಬಿಸಿ. ಚಳಿಗೆ ಅದು ಗೊತ್ತಾಗುತ್ತದೆ ಅಷ್ಟೇ. ಶಿವರಾತ್ರಿ ದಾಟಿದರೆ ಉಳಿಯುತ್ತದೆ ಅಂದುಕೊಳ್ಳಬೇಡಿ.

ಫಿಲ್ಟರ್ ಕಾಪಿ
ಬೆಲ್ಟ್ ಓಡುವಾಗಲೇ ಕಟ್ ಆದರೆ?

ಸ್ಪ್ಯಾನರ್ ಸ್ವಾಮಿ
ಬ್ಯಾಟರಿ ದೀಪ ಹತ್ತುತ್ತದೆ, ಎಸಿ ನಿಲ್ಲುತ್ತದೆ. ಹೈಡ್ರಾಲಿಕ್ ಸ್ಟೀರಿಂಗ್ ಆದರೆ ಕಲ್ಲಾಗುತ್ತದೆ. ವಾಟರ್ ಪಂಪ್ ಅದೇ ಬೆಲ್ಟಲ್ಲಿ ಇದ್ದರೆ ಟೆಂಪರೇಚರ್ ಮುಳ್ಳು ಏರುತ್ತದೆ. ಮುಳ್ಳು ಏರುತ್ತಿದ್ದರೆ 'ಮುಂದಿನ ಸಿಗ್ನಲ್‌ವರೆಗೆ' ಅನ್ನಬೇಡಿ, ಎಡಕ್ಕೆ ಹಾಕಿ ಆಫ್ ಮಾಡಿ. ಬೆಂಗಳೂರಿನ ಸಿಗ್ನಲ್ ಅಂದರೆ ಅರ್ಧ ಗಂಟೆ.

ನಿಮ್ಮ ಚಿಂವ್ ಚಿಂವ್ ಏನಾಯಿತು?

ಫಿಲ್ಟರ್ ಕಾಪಿ
ಟಾರ್ಚ್ ಹಾಕಿ ನೋಡಿದೆ. ಆಲ್ಟರ್ನೇಟರ್ ಪುಲ್ಲಿಯಲ್ಲಿ ಒಂದು ಗೀರು ಹೊರಗೆ ನೇತಾಡುತ್ತಿದೆ. ರಿಪೇರಿ ಮಾಡಿದವರ ಹತ್ತಿರವೇ ಹೋಗಿ ಸರಿ ಮಾಡಿಸಿಕೊಂಡು ಬರುತ್ತೇನೆ, ದುಡ್ಡು ಕೊಡದೆ.

ಕೆಂಗೇರಿ ಡೀಸೆಲ್
ಮಧ್ಯೆ ಬಂದೆ, ಕ್ಷಮಿಸಿ. ನನ್ನದು ಡೀಸೆಲ್ ಎಸ್‌ಯುವಿ. ಹೊಸ ಬೆಲ್ಟ್ ಹಾಕಿದರೂ ಚಳಿಯಲ್ಲಿ ಕಿರುಚುತ್ತದೆ. ಟೆನ್ಷನರ್ ಐಡಲ್‌ನಲ್ಲಿ ನಡುಗುತ್ತದೆ. ಆಫ್ ಮಾಡಿದ ಮೇಲೆ ಎರಡು ಸೆಕೆಂಡ್ 'ಝುರ್ರ್' ಅನ್ನುತ್ತದೆ. ಇದೂ ಬ್ಯಾಟರಿನಾ?

ಸ್ಪ್ಯಾನರ್ ಸ್ವಾಮಿ
ಅದು ಬೇರೆ ಕಥೆ. ಈಗಿನ ಬಹಳಷ್ಟು ಡೀಸೆಲ್‌ಗಳಲ್ಲಿ ಆಲ್ಟರ್ನೇಟರ್ ಪುಲ್ಲಿಯ ಒಳಗೆ ಸೈಕಲ್ ಫ್ರೀವೀಲ್‌ನಂತೆ ಒಂದೇ ಕಡೆ ಹಿಡಿಯುವ ಕ್ಲಚ್ ಇರುತ್ತದೆ. ಡೀಸೆಲ್ ಎಂಜಿನ್ ಕುಲುಕಾಟ ಬೆಲ್ಟಿಗೆ ತಾಗದಿರಲಿ ಅಂತ. ಅದು ಜಾಮ್ ಆದರೆ ಟೆನ್ಷನರ್ ನಡುಗುತ್ತದೆ, ಬೆಲ್ಟ್ ಕಿರುಚುತ್ತದೆ. ಅದರ ಬೇರಿಂಗ್ ಹೋದರೆ ಆಫ್ ಮಾಡಿದಾಗ ಝುರ್ರ್. ಬೆಲ್ಟ್ ಬಿಚ್ಚಿ, ಆಲ್ಟರ್ನೇಟರ್ ಒಳಭಾಗ ತಿರುಗದಂತೆ ಹಿಡಿದು ಪುಲ್ಲಿ ತಿರುಗಿಸಿ. ಒಂದು ಕಡೆ ಸರಾಗ ತಿರುಗಬೇಕು, ಇನ್ನೊಂದು ಕಡೆ ಹಿಡಿಯಬೇಕು. ಎರಡೂ ಕಡೆ ಹಿಡಿದರೆ ಆ ಪುಲ್ಲಿ ಬದಲಿಸಿ. ಪೂರ್ತಿ ಆಲ್ಟರ್ನೇಟರ್ ಬದಲಿಸಿ ಅಂದರೆ ಒಪ್ಪಬೇಡಿ, ಪುಲ್ಲಿ ಬಿಡಿಯಾಗಿ ಸಿಗುತ್ತದೆ.

ಕೆಂಗೇರಿ ಡೀಸೆಲ್
ಭಾನುವಾರ ಬಿಚ್ಚಿಸುತ್ತೇನೆ. ಅದಕ್ಕೂ ಮುಂಚೆ ಸದ್ದಿನ ವಿಡಿಯೋ ಹಾಕಲಾ?

ಸ್ಪ್ಯಾನರ್ ಸ್ವಾಮಿ
ಹಾಕಿ. ಬಾನೆಟ್ ತೆಗೆದು, ಆಫ್ ಮಾಡುವಾಗಿನದು ಬೇಕು. ಹಿಂದೆ ಹಾಡು ಸೇರಿಸಬೇಡಿ, ಕಳೆದ ಸಲ ಒಬ್ಬರು ಸೇರಿಸಿದ್ದರು.